ಫೆಬ್ರವರಿ ಕೊನೆಯಲ್ಲಿ ಪೀಕ್ ಡಿಸ್ಟ್ರಿಕ್ಟ್‌ಗೆ ಹೋದರೆ ಬಿಳಿ ಮೊಲ ಕಾಣುತ್ತದೆಯೇ? ಕಾರಿಲ್ಲ, ಜೊತೆಗೆ ಮಗಳು ಮತ್ತು ಮಾವ

ಹೊಸಹಾದಿ:

ಎಲ್ಲರಿಗೂ ನಮಸ್ಕಾರ. ನಾವು ಮ್ಯಾಂಚೆಸ್ಟರಿನಲ್ಲಿದ್ದೇವೆ, ಬಂದು ಇನ್ನೂ ವರ್ಷ ತುಂಬಿಲ್ಲ. ಮಗಳಿಗೆ ಒಂಬತ್ತು ವರ್ಷ. ಚಳಿಗಾಲದಲ್ಲಿ ಮೈಯೆಲ್ಲ ಬೆಳ್ಳಗಾಗುವ ಬೆಟ್ಟದ ಮೊಲ ಇಲ್ಲೇ ಹತ್ತಿರದ ಪೀಕ್ ಡಿಸ್ಟ್ರಿಕ್ಟ್‌ನಲ್ಲಿದೆ ಅಂತ ಶಾಲೆಯಲ್ಲಿ ಹೇಳಿದ್ದಾರಂತೆ. ಅಂದಿನಿಂದ ಮನೆಯಲ್ಲಿ ಅದೇ ಜಪ. ಫೆಬ್ರವರಿ ಕೊನೆಯ ಶನಿವಾರ ಎಲ್ಲರಿಗೂ ಬಿಡುವಿದೆ, ಒಂದು ದಿನದ ಮಟ್ಟಿಗೆ ಹೋಗಿ ಬರೋಣ ಅಂದುಕೊಂಡಿದ್ದೇವೆ.

ತೊಂದರೆ ಏನೆಂದರೆ ನಮ್ಮ ಹತ್ತಿರ ಕಾರಿಲ್ಲ. ಮಾವನವರೂ ಬರುತ್ತಾರೆ, 68 ವರ್ಷ. ಸಮತಟ್ಟಾದ ದಾರಿಯಲ್ಲಿ ಚೆನ್ನಾಗಿ ನಡೆಯುತ್ತಾರೆ, ಆದರೆ ಹತ್ತುವುದು ಕಷ್ಟ. ಮಗಳು ನಡೆಯುವುದರಲ್ಲಿ ಗಟ್ಟಿ. ಈಡೇಲ್‌ಗೆ ರೈಲಿದೆ ಎಂದು ಗೊತ್ತಾಯಿತು. ಅಲ್ಲಿಂದ ನಡೆದರೆ ಮೊಲ ಕಾಣುವ ಸಾಧ್ಯತೆ ಇದೆಯೇ? ಹೋಗಿ ಬಂದವರು ದಯವಿಟ್ಟು ಹೇಳಿ.

ಕಲ್ಲುಬಂಡೆ:

ನಾನು ಶೆಫೀಲ್ಡಿನಲ್ಲಿ ನರ್ಸ್. ರಾತ್ರಿ ಪಾಳಿ ಮುಗಿದು ರಜೆ ಸಿಕ್ಕಿತೆಂದರೆ ಕಾಲು ತಾನಾಗಿಯೇ ಹೋಪ್ ವ್ಯಾಲಿ ರೈಲಿನ ಕಡೆ ತಿರುಗುತ್ತದೆ. ನೀವು ಆರಿಸಿಕೊಂಡ ಕಾಲವೂ ಸರಿ, ಊರೂ ಸರಿ. ಈಡೇಲ್‌ನಿಂದ ಕಿಂಡರ್ ಸ್ಕೌಟ್ ಹತ್ತಿ.

ಮೊದಲು ಕಾಲದ ವಿಷಯ. ಈ ಮೊಲದ ತುಪ್ಪಳ ಬಣ್ಣ ಬದಲಾಯಿಸುವುದಕ್ಕೆ ಮುಖ್ಯ ಕಾರಣ ಹಗಲಿನ ಉದ್ದ. ಹಿಮ ಬಿದ್ದಿದೆಯೋ ಇಲ್ಲವೋ, ಹಗಲು ಗಿಡ್ಡವಾಗುತ್ತಾ ಬಂದಂತೆ ಮೈ ಬೆಳ್ಳಗಾಗುತ್ತದೆ. ಹಿಮ ಕರಗಿದರೂ ಕೂದಲು ಉದುರಿ ಕಂದು ಬರಲು ವಸಂತ ಬರಬೇಕು. ಹಾಗಾಗಿ ಫೆಬ್ರವರಿ ಕೊನೆ, ಮಾರ್ಚ್ ಮೊದಲಿನಲ್ಲಿ ಕಪ್ಪು ಮಣ್ಣು, ಕಂದು ಹೆದರ್ ಪೊದೆಗಳ ನಡುವೆ ಅಪ್ಪಟ ಬಿಳಿ ಮೊಲ ಕೂತಿರುತ್ತದೆ. ಅದು ಅಡಗಿದ್ದೇನೆ ಅಂದುಕೊಂಡಿರುತ್ತದೆ. ನಮಗೆ ಕಾಲು ಮೈಲಿ ದೂರದಿಂದ ಕಾಣುತ್ತದೆ. ಅದಕ್ಕೆ ಇದು ಒಳ್ಳೆಯದಲ್ಲ. ಹದ್ದುಗಣ್ಣಿನ ಹಕ್ಕಿಗಳಿಗೂ ಅದು ಅಷ್ಟೇ ಚೆನ್ನಾಗಿ ಕಾಣುತ್ತದೆ. ಹಿಮ ಕಡಿಮೆಯಾಗುತ್ತಿರುವ ಚಳಿಗಾಲಗಳನ್ನು ನೋಡಿದಾಗೆಲ್ಲ ನನಗೆ ಈ ಪ್ರಾಣಿಯದೇ ಚಿಂತೆ. ಇಂಗ್ಲೆಂಡಿನಲ್ಲಿ ಇವು ಇರುವುದು ಪೀಕ್ ಡಿಸ್ಟ್ರಿಕ್ಟ್‌ನ ಈ ಬೆಟ್ಟಗಳಲ್ಲಿ ಮಾತ್ರ. ಹತ್ತೊಂಬತ್ತನೆಯ ಶತಮಾನದಲ್ಲಿ ಬೇಟೆಗೆಂದು ಸ್ಕಾಟ್ಲೆಂಡಿನಿಂದ ತಂದು ಬಿಟ್ಟವುಗಳ ಸಂತತಿ ಇದು.

ಈಗ ದಾರಿ. ಮ್ಯಾಂಚೆಸ್ಟರ್ ಪಿಕಾಡಿಲಿಯಿಂದ ಶೆಫೀಲ್ಡ್ ಕಡೆಗೆ ಹೋಗುವ, ಎಲ್ಲ ಕಡೆ ನಿಲ್ಲುವ ರೈಲು ಹಿಡಿಯಿರಿ. ವೇಗದ ರೈಲುಗಳು ಈಡೇಲ್‌ನಲ್ಲಿ ನಿಲ್ಲುವುದಿಲ್ಲ. ಎಡಗಡೆ ಕಿಟಕಿ ಹಿಡಿದು ಕೂರಿ. ಚಿನ್ಲಿ ದಾಟಿದ ಮೇಲೆ ಕೌಬರ್ನ್ ಸುರಂಗ ಬರುತ್ತದೆ, ಮೂರು ಕಿಲೋಮೀಟರಿಗೂ ಉದ್ದ. ಕತ್ತಲು ಕಳೆದು ರೈಲು ಹೊರಬಂದ ಕೂಡಲೇ ಎಡಕ್ಕೆ ಕಿಂಡರ್‌ನ ಅಂಚು ಎದ್ದು ನಿಂತಿರುತ್ತದೆ. ಮಗಳಿಗೆ ಆ ಕ್ಷಣ ತಪ್ಪಿಸಬೇಡಿ. ಮುಂದಿನ ನಿಲ್ದಾಣವೇ ಈಡೇಲ್.

ಇಳಿದು ಬಾರ್ಬರ್ ಬೂತ್, ಅಪ್ಪರ್ ಬೂತ್ ದಾರಿಯಾಗಿ ಕಣಿವೆಯ ಮೇಲ್ತುದಿಗೆ ನಡೆಯಿರಿ. ಸಣ್ಣ ರಸ್ತೆ, ಆಮೇಲೆ ತೋಟದ ಮನೆಗಳ ನಡುವಿನ ಹಾದಿ, ಏರು ಅಷ್ಟಾಗಿ ಇಲ್ಲ. ನೋ ನದಿ ಪಕ್ಕದಲ್ಲೇ ಇರುತ್ತದೆ. ನಾಲ್ಕು ಕಿಲೋಮೀಟರು ಆಗುವಷ್ಟರಲ್ಲಿ ಒಂದು ಪುಟ್ಟ ಕಲ್ಲು ಸೇತುವೆ ಸಿಗುತ್ತದೆ, ಹಿಂದೆ ಹೇರು ಕುದುರೆಗಳು ದಾಟುತ್ತಿದ್ದದ್ದು. ನಿಮ್ಮ ಮಾವ ಅಲ್ಲಿಯವರೆಗೆ ಆರಾಮಾಗಿ ಬರುತ್ತಾರೆ. ಸೇತುವೆಯ ಆಚೆಗೆ ಜೇಕಬ್ಸ್ ಲ್ಯಾಡರ್, ಕಲ್ಲಿನ ಮೆಟ್ಟಿಲುಗಳ ಏರು. ಮನೆಯವರು ಯಾರಾದರೂ ಅವರ ಜೊತೆ ಹಿಂದಕ್ಕೆ ಹೋಗಲಿ, ಒಬ್ಬರು ಮಗಳ ಜೊತೆ ಹತ್ತಲಿ. ಹಿಂದಕ್ಕೆ ಹೋದವರು ಈಡೇಲ್ ಊರಿನ ಓಲ್ಡ್ ನ್ಯಾಗ್ಸ್ ಹೆಡ್‌ನಲ್ಲಿ ಬೆಚ್ಚಗೆ ಕೂತು ಊಟ ಮಾಡಬಹುದು. ಪೆನೈನ್ ವೇ ಎಂಬ ದೊಡ್ಡ ಕಾಲುದಾರಿ ಶುರುವಾಗುವುದೇ ಆ ಪಬ್ಬಿನ ಎದುರು. 1965ರಲ್ಲಿ ತೆರೆದದ್ದು, 268 ಮೈಲಿ ನಡೆದರೆ ಸ್ಕಾಟ್ಲೆಂಡ್ ಮುಟ್ಟುತ್ತದೆ. ಚಳಿಗಾಲದಲ್ಲಿ ಊಟದ ಹೊತ್ತು ಬದಲಾಗುತ್ತದೆ, ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಮೇಲೆ ಹತ್ತಿದವರು ಬಲಕ್ಕೆ ತಿರುಗಿ ಅಂಚಿನ ಹಾದಿ ಹಿಡಿಯಬೇಕು: ನೋ ಸ್ಟೂಲ್, ಪಿಮ್ ಚೇರ್, ಆಮೇಲೆ ವೂಲ್‌ಪ್ಯಾಕ್ಸ್. ನಾನು ಹೇಳಬೇಕೆಂದಿರುವುದು ವೂಲ್‌ಪ್ಯಾಕ್ಸ್ ಬಗ್ಗೆಯೇ. ಗ್ರಿಟ್‌ಸ್ಟೋನ್ ಬಂಡೆಗಳು ಗಾಳಿಮಳೆಗೆ ಸವೆದು ದುಂಡಗಾಗಿ, ಎಕರೆಗಟ್ಟಲೆ ಕಪ್ಪು ಪೀಟ್ ಮಣ್ಣಿನ (ಅರೆಕೊಳೆತ ಗಿಡಪಾಚಿಗಳಿಂದಾದ ಜೌಗು ಮಣ್ಣು) ಮೇಲೆ ಹರಡಿಕೊಂಡಿವೆ. ಬಂಡೆಯ ಬುಡದಲ್ಲಿ ಗಾಳಿ ಬೀಸದ ಕಡೆ ನೋಡಿ. ಮೊಲ ಬಿಲ ತೋಡಿ ಒಳಗಿರುವ ಪ್ರಾಣಿಯಲ್ಲ. ಬಂಡೆಯ ಕೆಳಗೋ ಹೆದರ್ ಪೊದೆಯ ಮರೆಯಲ್ಲೋ ಮೈಗೆ ತಕ್ಕಷ್ಟು ಜಾಗ ಮಾಡಿಕೊಂಡು ಹಗಲೆಲ್ಲ ಕೂತಿರುತ್ತದೆ, ಮೇಯುವುದು ಹೆಚ್ಚಾಗಿ ಸಂಜೆ ಮತ್ತು ರಾತ್ರಿ. ಮೊದಲು ಕಣ್ಣಿಗೆ ಬೀಳುವುದು ಬಿಳಿ ಮುದ್ದೆ. ಹಿಮದ ಉಳಿಕೆ ಇರಬೇಕು ಅನ್ನಿಸುತ್ತದೆ. ಬೈನಾಕ್ಯುಲರ್ ಹಿಡಿದರೆ ಎರಡು ಕಿವಿ ಬೆನ್ನಿಗೆ ಅಂಟಿಕೊಂಡಿರುವುದು, ಕಿವಿಯ ತುದಿ ಮಾತ್ರ ಮಸಿ ಮೆತ್ತಿದಷ್ಟು ಕಪ್ಪಗಿರುವುದು ಕಾಣುತ್ತದೆ. ಆ ಕಪ್ಪು ತುದಿ ಚಳಿಗಾಲದಲ್ಲೂ ಬಣ್ಣ ಬಿಡುವುದಿಲ್ಲ. ಗಾಳಿ ಬೀಸಿದಾಗ ಹೆಗಲ ಮೇಲಿನ ಕೂದಲು ಸೀಳಿ, ಒಳಗಿನ ಬೂದು ನೀಲಿ ಬಣ್ಣ ಒಂದು ಕ್ಷಣ ಇಣುಕುತ್ತದೆ. ಕಣ್ಣು ಮುಚ್ಚಿದಂತೆ ಇದ್ದರೂ ನಿಮ್ಮ ಪ್ರತಿ ಹೆಜ್ಜೆಯೂ ಅದಕ್ಕೆ ಗೊತ್ತು.

ಅದು ಕಂಡ ಕೂಡಲೇ ನಿಂತುಬಿಡಿ. ಹತ್ತಿರ ಹೋಗಬೇಡಿ, ಸುತ್ತುವರಿಯಬೇಡಿ. ಕಿವಿ ನೆಟ್ಟಗಾಯಿತೆಂದರೆ ನೀವು ಆಗಲೇ ಹೆಚ್ಚು ಹತ್ತಿರ ಬಂದಿದ್ದೀರಿ, ಎರಡು ಹೆಜ್ಜೆ ಹಿಂದೆ ಸರಿಯಿರಿ. ಚಳಿಗಾಲದ ಕೊನೆಯಲ್ಲಿ ಅದರ ಹೊಟ್ಟೆಗೆ ಸಿಗುವುದು ಹೆದರ್ ಕಡ್ಡಿ, ಒಣ ಹುಲ್ಲು, ಇಷ್ಟೇ. ಸುಮ್ಮನೆ ಓಡಿಸಿ ಆ ಶಕ್ತಿ ಖರ್ಚು ಮಾಡಿಸುವುದು ದೊಡ್ಡ ಅನ್ಯಾಯ. ಕಲ್ಲಿನ ಮೇಲೆ ಕೂತು ಬೈನಾಕ್ಯುಲರನ್ನು ಮಗಳ ಕೈಗೆ ಕೊಡಿ. ಮಕ್ಕಳಿಗೆ 8 ಪಟ್ಟು ದೊಡ್ಡದಾಗಿ ತೋರಿಸುವುದು ಸಾಕು, ಅದಕ್ಕಿಂತ ಹೆಚ್ಚಿನದಾದರೆ ಕೈ ನಡುಗಿ ಏನೂ ಕಾಣುವುದಿಲ್ಲ.

ವೂಲ್‌ಪ್ಯಾಕ್ಸ್ ದಾಟಿದರೆ ಕ್ರೌಡನ್ ಟವರ್, ಮುಂದೆ ಗ್ರಿಂಡ್ಸ್‌ಲೋ ನೋಲ್, ಅಲ್ಲಿಂದ ನೇರ ಈಡೇಲ್‌ಗೆ ಇಳಿಯಬಹುದು. ಪೂರ್ತಿ ಸುತ್ತು ಸುಮಾರು 13 ಕಿ.ಮೀ. ಇಳಿಜಾರು ಕಡಿದು, ಮೊಣಕಾಲಿಗೆ ಭಾರ. ಆ ದಿನಗಳಲ್ಲಿ ಸೂರ್ಯ ಐದೂ ಮುಕ್ಕಾಲಿಗೆಲ್ಲ ಮುಳುಗುತ್ತದೆ. ಮಧ್ಯಾಹ್ನ ಒಂದೂವರೆಗೆ ನೀವು ಇನ್ನೂ ವೂಲ್‌ಪ್ಯಾಕ್ಸ್ ಮುಟ್ಟಿಲ್ಲವಾದರೆ ಬಂದ ದಾರಿಯಲ್ಲೇ ಹಿಂತಿರುಗಿ, ಸುತ್ತು ಪೂರ್ತಿ ಮಾಡಲೇಬೇಕೆಂಬ ಹಟ ಬೇಡ.

ಗ್ಲಾಸಪ್ ಗೆಳೆಯ:

ಕಲ್ಲುಬಂಡೆಯವರು ಹೇಳಿದ್ದು ಚೆನ್ನಾಗಿದೆ, ಆದರೆ ಚಿಕ್ಕ ಮಗುವಿಗೆ ಅಷ್ಟು ಏರು ಯಾಕೆ? ಸ್ನೇಹಿತರ ಕಾರಿನಲ್ಲಿ ಸ್ನೇಕ್ ಪಾಸ್ ಮೇಲಕ್ಕೆ ಹೋಗಿಬಿಡಿ. ರಸ್ತೆಯೇ 500 ಮೀಟರ್ ಎತ್ತರದಲ್ಲಿದೆ. ಪೆನೈನ್ ವೇ ಅಲ್ಲೇ ರಸ್ತೆ ದಾಟುತ್ತದೆ. ಬ್ಲೀಕ್‌ಲೋ ಬೆಟ್ಟದ ಕಡೆಗೆ ಚಪ್ಪಡಿ ಕಲ್ಲು ಹಾಸಿದ ಹಾದಿ, ಮೊಲಗಳೂ ಬೇಕಾದಷ್ಟು. ಇನ್ನೂ ಸ್ವಲ್ಪ ಮುಂದೆ 1948ರ ನವೆಂಬರಿನಲ್ಲಿ ಬಿದ್ದ ಅಮೆರಿಕದ ಬಿ-29 ವಿಮಾನದ ಅವಶೇಷ ಈಗಲೂ ಹರಡಿಕೊಂಡಿದೆ. 13 ಜನ ತೀರಿಕೊಂಡ ಜಾಗ, ಸ್ಮಾರಕ ಕಲ್ಲೂ ಇದೆ. ನನ್ನ ಮಗನಿಗೆ ಮೊಲಕ್ಕಿಂತ ಆ ಇಂಜಿನ್‌ಗಳೇ ಹೆಚ್ಚು ನೆನಪಿನಲ್ಲಿವೆ.

ಕಲ್ಲುಬಂಡೆ:

ಗೆಳೆಯರೇ, ಬ್ಲೀಕ್‌ಲೋನಲ್ಲಿ ಮೊಲ ಹೆಚ್ಚು ಎನ್ನುವುದನ್ನು ಒಪ್ಪುತ್ತೇನೆ. ಜಾಗ ನನಗೂ ಇಷ್ಟ. ಆದರೆ ಮೊದಲ ಸಲ ಬೆಟ್ಟಕ್ಕೆ ಬರುವ ಕುಟುಂಬವನ್ನು ಫೆಬ್ರವರಿಯಲ್ಲಿ ಅಲ್ಲಿಗೆ ಕಳಿಸಲು ನನಗೆ ಮನಸ್ಸಿಲ್ಲ. ಚಪ್ಪಡಿ ಮುಗಿದ ಮೇಲೆ ಪೀಟ್ ಕೊರಕಲುಗಳ ಜಾಲ. ಒಂದೊಂದು ಆಳು ಮುಳುಗುವಷ್ಟು ಆಳ, ಒಳಗಿಳಿದರೆ ನಾಲ್ಕೂ ಕಡೆ ಕಪ್ಪು ಗೋಡೆ ಬಿಟ್ಟು ಏನೂ ಕಾಣದು. ಮಂಜು ಇಳಿದರೆ ಬಲ್ಲವರೇ ದಿಕ್ಕು ತಪ್ಪುತ್ತಾರೆ. ಹಿಮ ಬಿದ್ದರೆ ಸ್ನೇಕ್ ರಸ್ತೆಯನ್ನೇ ಮುಚ್ಚುತ್ತಾರೆ. ಕಿಂಡರ್‌ನ ದಕ್ಷಿಣ ಅಂಚಿನಲ್ಲಾದರೆ ಬಲಗೈ ಕಡೆ ಈಡೇಲ್ ಕಣಿವೆ ಇದ್ದೇ ಇರುತ್ತದೆ, ಹಾದಿಯೂ ನಿಚ್ಚಳ.

ಇನ್ನೊಂದು ಮಾತು. ಏರು ಯಾಕೆ ಅಂದಿರಲ್ಲ, ಆ ಏರಿನಲ್ಲೇ ಮಗು ಬೆಟ್ಟವನ್ನು ಓದುತ್ತಾಳೆ. ಕೆಳಗೆ ಕುರಿ ಮೇಯುವ ಹಸಿರು ಹೊಲ, ಕಲ್ಲುಬೇಲಿ. ಮೆಟ್ಟಿಲು ಹತ್ತುತ್ತಿದ್ದಂತೆ ಹಸಿರು ಹೋಗಿ ಒಣ ಹುಲ್ಲು, ಬ್ರ್ಯಾಕನ್ ಜರೀಗಿಡದ ತುಕ್ಕು ಬಣ್ಣ. ಆಮೇಲೆ ಹೆದರ್, ಕೊನೆಗೆ ಕಪ್ಪು ಪೀಟ್. ಮೊಲ ಯಾಕೆ ಮೇಲೆಯೇ ಇದೆ, ಕೆಳಗೆ ಯಾಕಿಲ್ಲ ಎಂದು ಆಗ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕೆಳಗಿನ ಹೊಲಗಳಲ್ಲಿ ಕಾಣುವ ಮೊಲ ಬೇರೆ ಜಾತಿ, ಕಂದು ಮೊಲ. ಅದು ದೊಡ್ಡದು, ಕಿವಿ ಉದ್ದ, ಚಳಿಗಾಲದಲ್ಲೂ ಬೆಳ್ಳಗಾಗುವುದಿಲ್ಲ.

ಮೇಲೆ ಹೋದಾಗ ಆ ಪೀಟನ್ನೂ ಒಂದು ನಿಮಿಷ ನಿಂತು ನೋಡಿ. ಮ್ಯಾಂಚೆಸ್ಟರ್, ಶೆಫೀಲ್ಡ್ ಕಾರ್ಖಾನೆಗಳ ಹೊಗೆ ಹತ್ತಾರು ದಶಕ ಈ ಬೆಟ್ಟಗಳ ಮೇಲೆ ಇಳಿದು ಸ್ಫ್ಯಾಗ್ನಮ್ ಪಾಚಿಯನ್ನು ಕೊಂದಿತು. ಪಾಚಿ ಹೋದ ಕಡೆ ಪೀಟ್ ಬರಿದಾಗಿ, ಮಳೆಗೆ ಕೊಚ್ಚಿಹೋಗಿ ಕೊರಕಲಾಯಿತು. ಬೆಂಕಿಯೂ ಕುರಿಗಳೂ ಉಳಿದದ್ದನ್ನು ತಿಂದವು. ಈಗ ಕೊರಕಲುಗಳಿಗೆ ಕಲ್ಲು, ಮರದ ಸಣ್ಣ ಒಡ್ಡು ಕಟ್ಟಿ ನೀರು ನಿಲ್ಲಿಸಿದ್ದಾರೆ, ಪಾಚಿಯ ತುಣುಕುಗಳನ್ನು ಕೈಯಿಂದ ನೆಟ್ಟಿದ್ದಾರೆ. ನಾನೂ ಸ್ವಯಂಸೇವಕಿಯಾಗಿ ನೆಡಲು ಹೋಗಿದ್ದೇನೆ: ಮಂಡಿಯೂರಿ, ಹೆಬ್ಬೆರಳಿನಿಂದ ಒದ್ದೆ ಮಣ್ಣಿನಲ್ಲಿ ಗುಳಿ ಮಾಡಿ, ಒಂದು ಹಿಡಿ ಹಸಿರನ್ನು ಒತ್ತಿ ಮುಂದಕ್ಕೆ ಸರಿಯುವುದು. ಬೆರಳು ಮರಗಟ್ಟುತ್ತದೆ. ಆ ಪಾಚಿ ತನ್ನ ತೂಕದ ಇಪ್ಪತ್ತು ಪಟ್ಟು ನೀರು ಹಿಡಿದಿಡಬಲ್ಲದು. ಕೆಳಗಿನ ಊರುಗಳಲ್ಲಿ ಪ್ರವಾಹ ತಗ್ಗುವುದಕ್ಕೂ ಬೆಟ್ಟದ ಹಕ್ಕಿಗಳಿಗೆ ಹುಳುಹುಪ್ಪಟೆ ಸಿಗುವುದಕ್ಕೂ ಅದೇ ಆಧಾರ. ಆದ್ದರಿಂದ ಹಾದಿ ಬಿಟ್ಟು ನಡೆಯುವಾಗ ಹೊಸ ಪಾಚಿಯನ್ನು ತುಳಿಯದಂತೆ ಮಗಳಿಗೆ ಹೇಳಿ, ಮಕ್ಕಳು ಇಂಥದ್ದನ್ನು ನಮಗಿಂತ ಚೆನ್ನಾಗಿ ಪಾಲಿಸುತ್ತಾರೆ.

ನೀರುನಾಯಿ:

ಮಾವನವರ ಬಗ್ಗೆ ಎರಡು ಮಾತು. ನಮ್ಮ ತಂದೆಯವರಿಗೂ ಅದೇ ವಯಸ್ಸು, ಅದೇ ಸೇತುವೆಯವರೆಗೆ ಬಂದಿದ್ದರು. ನೋ ನದಿಯಲ್ಲಿ ಡಿಪ್ಪರ್ ಹಕ್ಕಿ ಹುಡುಕಲು ಹೇಳಿ. ಗುಂಡುಗುಂಡಾದ ಕಂದು ಹಕ್ಕಿ, ಎದೆ ಮಾತ್ರ ಬಿಳಿ, ನೀರಿನ ನಡುವಿನ ಕಲ್ಲಿನ ಮೇಲೆ ನಿಂತು ಮೊಣಕಾಲು ಬಗ್ಗಿಸಿ ಬಗ್ಗಿಸಿ ಏಳುತ್ತಿರುತ್ತದೆ. ಆಮೇಲೆ ಹರಿಯುವ ನೀರಿನೊಳಕ್ಕೇ ಹೋಗಿ ತಳದಲ್ಲಿ ಹುಳ ಹುಡುಕುತ್ತದೆ. ಫೆಬ್ರವರಿಯಲ್ಲೇ ಹಾಡಲು ಶುರು ಮಾಡಿರುತ್ತದೆ. ಕಾಯುವ ತಾಳ್ಮೆ ಹಿರಿಯರಿಗೇ ಇರುವುದು, ಮೊದಲು ಕಂಡುಹಿಡಿಯುವವರೂ ಅವರೇ.

ಹಾಗೆಯೇ ಟಿಕೆಟ್: ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ಇದ್ದರೆ ದೊಡ್ಡವರಿಗೆ ಮೂರನೇ ಒಂದು ಭಾಗ, ಮಕ್ಕಳಿಗೆ ಶೇ. 60 ಕಡಿಮೆಯಾಗುತ್ತದೆ. ವಾಪಸ್ ರೈಲಿನ ಹೊತ್ತನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ, ಕಣಿವೆಯಲ್ಲಿ ಫೋನ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ.

ಹೊಸಹಾದಿ:

ಎಲ್ಲರಿಗೂ ತುಂಬಾ ಧನ್ಯವಾದ. ಕಲ್ಲುಬಂಡೆ ಅಕ್ಕ, ನೀವು ಬರೆದದ್ದನ್ನು ಮಗಳಿಗೆ ಓದಿ ಹೇಳಿದೆ. ಕಿವಿಯ ತುದಿಯ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದಾಳೆ. ಮಾವನವರು ಡಿಪ್ಪರ್ ಹಕ್ಕಿಗೆ ಒಪ್ಪಿದರು. ಈಗ ಮೂರು ಪ್ರಶ್ನೆ. ಹಾದಿ ಬಿಟ್ಟು ನಡೆಯುವುದು ಅಂದಿರಿ, ಅದಕ್ಕೆ ಅನುಮತಿ ಬೇಡವೇ? ಜಮೀನಿನ ಮಾಲೀಕರು ಬೈದರೆ? ಮತ್ತೆ ಹವಾಮಾನ ಕೆಟ್ಟರೆ ಏನು ಮಾಡಬೇಕು? ಪಕ್ಕದ ಮನೆಯವರು ತಮ್ಮ ನಾಯಿಯನ್ನೂ ಕರೆದುಕೊಂಡು ಬರುತ್ತೇವೆ ಅನ್ನುತ್ತಿದ್ದಾರೆ, ಬರಬಹುದೇ?

ಕಲ್ಲುಬಂಡೆ:

ಅನುಮತಿಯ ಪ್ರಶ್ನೆ ಕೇಳಿದ್ದಕ್ಕೆ ಸಂತೋಷವಾಯಿತು, ಯಾಕೆಂದರೆ ಆ ಪ್ರಶ್ನೆಗೆ ಉತ್ತರ ಬರೆದದ್ದು ಇದೇ ಕಿಂಡರ್ ಬೆಟ್ಟ. ನೂರು ವರ್ಷದ ಹಿಂದೆ ನೀವು ಅಲ್ಲಿ ಕಾಲಿಡುವಂತಿರಲಿಲ್ಲ. ಗ್ರೌಸ್ ಹಕ್ಕಿ ಬೇಟೆಗೆಂದು ಮೇಲಿನ ಬಯಲನ್ನೆಲ್ಲ ಕಾವಲಿಟ್ಟು ಮುಚ್ಚಿದ್ದರು. ವಾರವೆಲ್ಲ ಗಿರಣಿ, ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹುಡುಗ ಹುಡುಗಿಯರಿಗೆ ಭಾನುವಾರ ಗಾಳಿ ಕುಡಿಯಲು ಈ ಬೆಟ್ಟ ಬೇಕಿತ್ತು. 1932ರ ಏಪ್ರಿಲ್ 24ರಂದು ನೂರಾರು ಜನ ಆಚೆ ಬದಿಯ ಹೇಫೀಲ್ಡ್‌ನಲ್ಲಿ ಸೇರಿ, ಬೆನ್ನಿ ರಾತ್‌ಮನ್ ಎಂಬ ಇಪ್ಪತ್ತರ ಹುಡುಗನ ಮುಂದಾಳತ್ವದಲ್ಲಿ, ಬೇಕೆಂದೇ ಅತಿಕ್ರಮ ಪ್ರವೇಶ ಮಾಡಿದರು. ಕಾವಲುಗಾರರ ಜೊತೆ ತಳ್ಳಾಟವಾಯಿತು. ಐವರಿಗೆ ಜೈಲಾಯಿತು, ಎರಡರಿಂದ ಆರು ತಿಂಗಳು. ನಡೆದದ್ದಕ್ಕೆ ಜೈಲು! ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾದದ್ದು 1951ರಲ್ಲಿ. ಬೆಟ್ಟದ ಬಯಲುಗಳಲ್ಲಿ ಹಾದಿ ಬಿಟ್ಟು ನಡೆಯುವ ಹಕ್ಕು ಕಾನೂನಾದದ್ದು 2000ದಲ್ಲಿ. ಕಿಂಡರ್ ಈಗ ಇಂಥ ಜಾಗಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನದು, 1982ರಿಂದ. ಹಾಗಾಗಿ ಮೇಲಿನ ಬಯಲಿನಲ್ಲಿ ಧೈರ್ಯವಾಗಿ ನಡೆಯಿರಿ, ಅದು ನಿಮ್ಮ ಮಗಳ ಹಕ್ಕು. ಕೆಳಗಿನ ಹೊಲಗಳಲ್ಲಿ ಮಾತ್ರ ಗುರುತು ಮಾಡಿದ ಹಾದಿಯಲ್ಲೇ ಇರಬೇಕು, ನೀವು ತೆರೆದ ಗೇಟನ್ನು ಮತ್ತೆ ಮುಚ್ಚಬೇಕು.

ಹವಾಮಾನಕ್ಕೆ: ಇಲ್ಲಿನ ಹವಾಮಾನ ಇಲಾಖೆಯಾದ ಮೆಟ್ ಆಫೀಸಿನವರು ಪೀಕ್ ಡಿಸ್ಟ್ರಿಕ್ಟ್ ಬೆಟ್ಟಗಳಿಗೆಂದೇ ಬೇರೆ ಮುನ್ಸೂಚನೆ ಕೊಡುತ್ತಾರೆ, ಅದನ್ನು ನೋಡಿ. ಮ್ಯಾಂಚೆಸ್ಟರಿನ ಹವಾಮಾನ ನೋಡಿ ಹೊರಡಬೇಡಿ. ಮುಖ್ಯವಾಗಿ ಮೋಡದ ಬುಡ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಓದಿ. ಅದು 500 ಮೀಟರಿಗಿಂತ ಕೆಳಗಿದ್ದರೆ ಮೇಲೆ ಮೊಲವಿರಲಿ, ನಿಮ್ಮ ಕೈಯೇ ನಿಮಗೆ ಕಾಣದು. ಆ ದಿನ ಮೇಲೆ ಹೋಗಬೇಡಿ, ಎಲ್ಲರೂ ಸೇತುವೆಯವರೆಗೆ ನಡೆದು ಬನ್ನಿ. ಜೀನ್ಸ್ ಬೇಡ. ಒದ್ದೆಯಾದರೆ ಮೈಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಕೈಗವಸು ಎರಡು ಜೊತೆ, ಬೇಡ ಅನ್ನಿಸಿದರೂ ಒಂದು ದಪ್ಪ ಸ್ವೆಟರ್, ತಲೆಗೆ ಕಟ್ಟುವ ಟಾರ್ಚ್, ಸೀಟಿ, ಆರ್ಡನೆನ್ಸ್ ಸರ್ವೆಯ ಓಎಲ್1 ನಕ್ಷೆ. ಪೆಟ್ಟಾದರೆ 999ಕ್ಕೆ ಫೋನ್ ಮಾಡಿ ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟೇನ್ ರೆಸ್ಕ್ಯೂ ಬೇಕು ಅನ್ನಿ. ಕರೆ ಹೋಗದಿದ್ದರೂ ಮೆಸೇಜ್ ಹೋಗಬಹುದು. ಅದಕ್ಕೆ ಇವತ್ತೇ ನಿಮ್ಮ ಫೋನಿನಿಂದ ರಿಜಿಸ್ಟರ್ ಎಂಬ ಇಂಗ್ಲಿಷ್ ಪದವನ್ನು 999ಕ್ಕೆ ಕಳಿಸಿ ನೋಂದಾಯಿಸಿಕೊಳ್ಳಿ.

ಮೇಲೆ ಹೆದರ್ ಒಳಗಿಂದ ಯಾರೋ ಗೊಗ್ಗರು ದನಿಯಲ್ಲಿ ಗದರಿದಂತೆ ಕೇಳಿದರೆ ಹೆದರಬೇಡಿ, ಅದು ರೆಡ್ ಗ್ರೌಸ್. ಅದೃಷ್ಟವಿದ್ದರೆ ಆ ವರ್ಷದ ಮೊದಲ ಕರ್ಲ್ಯೂ ಹಕ್ಕಿಯೂ ಕೇಳಬಹುದು. ಸಮುದ್ರ ತೀರದಲ್ಲಿ ಚಳಿಗಾಲ ಕಳೆದು ಆ ಹೊತ್ತಿಗೆ ಬೆಟ್ಟಕ್ಕೆ ಹಿಂತಿರುಗತೊಡಗುತ್ತವೆ. ಅವು ನೆಲದ ಮೇಲೆಯೇ ಗೂಡು ಕಟ್ಟುವ ಹಕ್ಕಿಗಳು. ನಾಯಿಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ: ಮಾರ್ಚ್ 1ರಿಂದ ಜುಲೈ 31ರವರೆಗೆ ಇಂಥ ಬಯಲುಗಳಲ್ಲಿ ನಾಯಿಯನ್ನು ಎರಡು ಮೀಟರಿಗಿಂತ ಉದ್ದವಿಲ್ಲದ ಹಗ್ಗದಲ್ಲಿ ಹಿಡಿದಿರಬೇಕು ಎಂಬುದು ಕಾನೂನು. ಕುರಿಗಳ ಹತ್ತಿರವಂತೂ ವರ್ಷಪೂರ್ತಿ. ನೀವು ಹೋಗುವ ಶನಿವಾರ ಫೆಬ್ರವರಿಯಲ್ಲೇ ಬರುತ್ತದೆ ನಿಜ, ಆದರೆ ಮೊಲ ನೋಡಲೆಂದು ಹೋಗುವ ದಿನ ನಾಯಿಯನ್ನು ಮೇಲಕ್ಕೆ ಒಯ್ಯಲೇಬೇಡಿ. ಹಗ್ಗದಲ್ಲಿದ್ದರೂ ಅದರ ವಾಸನೆಗೇ ಮೊಲ ಏಳುತ್ತದೆ. ಪಕ್ಕದ ಮನೆಯವರು ನಾಯಿ ಜೊತೆ ಕಣಿವೆಯಲ್ಲಿ ನಿಮ್ಮ ಮಾವನವರ ಗುಂಪಿಗೆ ಸೇರಲಿ, ಅಲ್ಲಿಯೂ ಕುರಿ ಇರುವುದರಿಂದ ಹಗ್ಗ ಬಿಡುವುದು ಬೇಡ.